ಕಾಕಾ ಕೊಯ್ದ ಗುಂಡಕಲ್ಲು

ತೊಗರಿ ಬೆಳೆಯುವ ನಾಡಿಗೆ ಹೊರಗಿನಿಂದ ಬೇಳೆ ಹೊತ್ತು ತಂದವನನ್ನು ನೀವು ಏನೆಂದು ಕರೆಯುತ್ತೀರಿ? ಹುಚ್ಚ ಎನ್ನುತ್ತೀರಿ. ತೀರ ಸಭ್ಯರಾಗಿದ್ದರೆ 'ಸ್ವಲ್ಪ ಬೇರೆ ಥರದ ಮನುಷ್ಯ' ಎಂದು ಸುಮ್ಮನಾಗುತ್ತೀರಿ. ಹಾಗಾದರೆ ಕಲಬುರಗಿಗೆ ಕಲ್ಲು ಹೊತ್ತು ತರುವವನನ್ನು? ನಡುಮನೆಗೆ ಕಲ್ಲಿನ ಫರಸಿ, ಬಚ್ಚಲಿಗೆ ಕಲ್ಲು, ಹರಟೆಗೆ ಕಲ್ಲಿನ ಕಟ್ಟೆ, ಎಡವುವುದಕ್ಕೆ ಬೀದಿಯಲ್ಲಿ ಬೇರೆ ಕಲ್ಲು! ಹುಟ್ಟಿದಂದಿನಿಂದ ಕಲ್ಲಿನ ಮೇಲೆಯೇ ನಡೆದು, ಬೇಸಿಗೆಯಲ್ಲಿ ಅದೇ ಕಲ್ಲಿನ ಮೇಲೆ ರೊಟ್ಟಿಯಂತೆ ಬೆಂದು ದೊಡ್ಡವರಾದ ಜನ ನಾವು. ಇಂಥ ಊರಿನಿಂದ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ, ಬದು ಬದು ತಿರುಗಿ, ಚೀಲ ತುಂಬ ಕಲ್ಲು ಆರಿಸಿ ಮನೆಗೆ ತರುವ ಏಕಮೇವ ಪ್ರಜೆ ನಮ್ಮ ಕಾಕಾ.

ಕಾಕಾ ಎಂದರೆ ನಮ್ಮ ತಂದೆಯ ಖಾಸಾ ತಮ್ಮ. ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನ ಅರ್ಧ ಹಿರಿಯರು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಾರು. ಯಾಕೆಂದರೆ ಕಾಕಾ ಮೂವತ್ತೈದು ವರ್ಷ ಹಲ್ಲಿನ ಸೆಟ್ಟು ಮಾಡಿದವರು. ಡಾಕ್ಟರರಲ್ಲ. ಸೂಪರ್ ಮಾರ್ಕೆಟ್ ಎಂಬ ನಮ್ಮೂರ ಪೇಟೆಯ ಒಂದು ಹಲ್ಲಿನ ದವಾಖಾನೆಯ ಹಿಂದಿನ ಕೋಣೆಯಲ್ಲಿ, ಬೆಳಕು ಬರುವ ಏಕೈಕ ಕಿಟಕಿಯ ಪಕ್ಕ ಕುಳಿತು, ಮೇಣದಲ್ಲಿ ಹಲ್ಲು ಜೋಡಿಸಿ, ವಸಡು ಎರೆದು, ಕೊನೆಗೆ ಗರಗರ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹೊಳಪು ಕೊಡುವ ಕಾರೀಗರರು. "ಡಾಕ್ಟರ್ ಸಾಹೇಬರದು ಬರೇ ಕೀಳೂದು. ನಗಸೂದು ನಂದು" ಎನ್ನುವುದು ಅವರ ವೃತ್ತಿಗೌರವ. ಈಗಲೂ ಯಾರಾದರೂ ಎದುರು ನಿಂತು ಮಾತಾಡಿದರೆ ಕಾಕಾ ಅವರ ಕಣ್ಣು ನೋಡುವುದಿಲ್ಲ. ಬಾಯಿ ನೋಡುತ್ತಾರೆ. ಜನ ತಮ್ಮ ಮಾತನ್ನು ಇಷ್ಟು ಶ್ರದ್ಧೆಯಿಂದ ಆಲಿಸುವ ಹಿರಿಯರು ಇನ್ನೊಬ್ಬರಿಲ್ಲವೆಂದು ತಿಳಿದು ಧನ್ಯರಾಗಿ ಹೋಗುತ್ತಾರೆ.

ಅವರಿಗೆ ಕಲ್ಲಿನ ಹುಚ್ಚು ಹಿಡಿದದ್ದೂ ಹಲ್ಲಿನಿಂದಲೇ. ಕಮಲಾಪುರದ ಕಡೆಯ ಒಬ್ಬ ಮುದುಕಿ, ಕೆಂಪು ಬಾಳೆಯ ತೋಟದವಳು, ಸೆಟ್ಟು ಕಟ್ಟಿಸಿಕೊಳ್ಳಲು ಬಂದಿದ್ದಳಂತೆ. ಸೆಟ್ಟು ತಯಾರಾಯಿತು. ಮುತ್ತಿನ ಹಾರದಂಥ ಸಾಲು. ಮುದುಕಿ ಹಾಕಿಕೊಂಡು ಕನ್ನಡಿ ನೋಡಿದವಳೇ ಕಿತ್ತು ಮೇಜಿನ ಮೇಲಿಟ್ಟಳು. "ಇದು ನನ್ನ ಬಾಯಿ ಅಲ್ರೀ. ನನ್ನ ಮುಂದಿನ ಎರಡು ಹಲ್ಲಿನ ನಡುವ ಸಂದಿ ಇತ್ತು. ಅದ್ಯಾಕ ಮುಚ್ಚೀರಿ? ಮೊಮ್ಮಕ್ಕಳು ನನ್ನ ಗುರ್ತ ಹೆಂಗ ಹಿಡೀಬೇಕು?" ಡಾಕ್ಟರರು ವಿಜ್ಞಾನವನ್ನೆಲ್ಲ ವಿವರಿಸಿದರು. ಸಂದಿಯಿದ್ದರೆ ಸೊಪ್ಪು ಸಿಗುತ್ತದೆ, ಬದನೆಕಾಯಿ ಬೀಜ ಸಿಗುತ್ತದೆ, ಚಂದ ಕಾಣುವುದಿಲ್ಲ ಎಂದರು. ಮುದುಕಿ ಜಗ್ಗಲಿಲ್ಲ. ಡಾಕ್ಟರರು ಊಟಕ್ಕೆ ಎದ್ದ ಸಮಯ ಸಾಧಿಸಿ ಕಾಕಾ ಹಿಂದಿನ ಕೋಣೆಯಲ್ಲಿ ಸದ್ದಿಲ್ಲದೆ ಎರಡು ಹಲ್ಲು ಸರಿಸಿ ಒಂದು ಸಂದಿ ಮಾಡಿಕೊಟ್ಟರು. ದಂತವೈದ್ಯದ ಇತಿಹಾಸದಲ್ಲಿ ಹೊಸ ಹಲ್ಲಿಗೆ ಹಳೆ ದೋಷ ಕೂಡಿಸಿದ ಮೊದಲ ಮನುಷ್ಯ ಇವರೇ ಇದ್ದರೂ ಇರಬಹುದು.

ವಾರದ ಮೇಲೆ ಆ ಮುದುಕಿ ಸಂದಿ ಕಾಣುವಂತೆ ನಗುತ್ತ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದಳು. ಜೊತೆಗೆ ಸೆರಗಿನ ಗಂಟು ಬಿಚ್ಚಿ ಬಿಳಿ ಕಲ್ಲೊಂದನ್ನು ಕೈಗಿಟ್ಟಳು. ಹೊಲದಲ್ಲಿ ಸಿಕ್ಕಿದ್ದು, ನೋಡಲು ಥೇಟ್ ದವಡೆಹಲ್ಲು. ನಿಮ್ಮ ಕಸುಬಿಗೆ ಬಂದೀತೆಂದು ಇಟ್ಟಿದ್ದೆ ಎಂದಳಂತೆ. ಬಾಳೆಹಣ್ಣು ಎರಡು ದಿನದಲ್ಲಿ ಮುಗಿಯಿತು. ಕಲ್ಲು ಇವತ್ತಿಗೂ ಮುಗಿದಿಲ್ಲ. ಕಾಕಾ ಅದನ್ನು ತಮಾಷೆಗೆಂದು ಹೊಳಪಿನ ಚಕ್ರಕ್ಕೆ ಹಿಡಿದರು. ಒಂದು ಮಗ್ಗುಲು ಹಾಲಿನ ಕೆನೆಯಂತೆ ಮಿಂಚಿತು, ಒಳಗೆ ನೀಲಿ ಗೆರೆಗಳು ತೇಲಿದವು. ಅಲ್ಲಿಗೆ ಕಲಬುರಗಿ ಒಬ್ಬ ಒಳ್ಳೆಯ ಹಲ್ಲಿನ ಕಾರೀಗರನನ್ನು ಅರ್ಧ ಕಳೆದುಕೊಂಡಿತು. ನಿವೃತ್ತಿಯಾದ ಮೇಲೆ ಪೂರ್ತಿ.

ಈಗ ಜೇವರ್ಗಿ ಕಾಲೋನಿಯಲ್ಲಿ, ನಮ್ಮ ಮನೆಯ ಹಿಂದಿನ ಓಣಿಯಲ್ಲಿ, ಅವರ ಮಾಳಿಗೆಯ ಮೇಲೊಂದು ತಗಡಿನ ಚಪ್ಪರವಿದೆ. ಕೋಟನೂರಿನ ಹೊಸ ಮನೆಗಳಿಗೆ ಫರಸಿ ಹಾಸುವವರಿಂದ ಕೊಂಡ ಹಳೆಯ ಕೊಯ್ಯುವ ಯಂತ್ರ, ದವಾಖಾನೆಯಿಂದ ತಂದ ಹೊಳಪಿನ ಚಕ್ರ, ಒಂದು ಬಕೆಟ್ಟು ನೀರು ಇಷ್ಟೇ ಕಾರ್ಖಾನೆ. ಕಲ್ಲನ್ನು ಮೊದಲು ಹೋಳು ಮಾಡುವುದು. ಹೋಳಿನ ಬೆನ್ನಿಗೆ ಮೇಣ ಹಚ್ಚಿ ಕಡ್ಡಿಗೆ ಅಂಟಿಸುವುದು. ಆ ಕಡ್ಡಿ ಹಿಡಿದು ಮೇಲ್ಭಾಗವನ್ನು ಉಬ್ಬಾಗಿ ತೇಯುವುದು, ದಪ್ಪ ಪುಡಿ, ಸಣ್ಣ ಪುಡಿ, ಇನ್ನೂ ಸಣ್ಣ ಪುಡಿ ಹಚ್ಚಿ ಹೊಳೆಯಿಸುವುದು. ಕೆಳಗೆ ಸಪಾಟು, ಮೇಲೆ ಉಬ್ಬು. ಇದಕ್ಕೆ ಕ್ಯಾಬೊಷಾನ್ ಅನ್ನುತ್ತಾರೆ ಎಂದು ಕಾಕಾ ಮೊಬೈಲಿನಲ್ಲಿ ನೋಡಿ ಕಲಿತಿದ್ದಾರೆ. ಆ ಶಬ್ದವನ್ನು ಮಂತ್ರದಂತೆ ಕಣ್ಣುಮುಚ್ಚಿ ಉಚ್ಚರಿಸುತ್ತಾರೆ. ನಮ್ಮ ಕಾಕು, ಅಂದರೆ ಅವರ ಧರ್ಮಪತ್ನಿ, ಅದಕ್ಕೆ 'ಒಡದ ಗುಳಿಗಿ' ಅನ್ನುತ್ತಾರೆ.

ಒಡೆದದ್ದು ಯಾಕೆಂದರೆ, ಕಾಕಾ ಅಂಚು ತೇಯುವುದಿಲ್ಲ! ಲೋಕದ ಕಲ್ಲುಕುಟಿಗರೆಲ್ಲ ದುಂಡಗೆ, ಮೊಟ್ಟೆಯಾಕಾರಕ್ಕೆ, ನಯವಾಗಿ ಅಂಚು ತೀಡುತ್ತಾರೆ. ಇವರು ನಡುವೆ ಮಾತ್ರ ಕನ್ನಡಿಯಂತೆ ಹೊಳೆಯಿಸಿ, ಸುತ್ತ ಕಲ್ಲಿನ ಹುಟ್ಟು ತೊಗಲನ್ನು ಹಾಗೆಯೇ ಬಿಡುತ್ತಾರೆ. ಮಣ್ಣಿನ ಬಣ್ಣ, ಗುಳಿ, ಮುರುಕು ಎಲ್ಲ ಸಮೇತ. ಕೇಳಿದರೆ ಆ ಮುದುಕಿಯ ಸಂದಿಯ ಕಥೆಯಿಂದಲೇ ಶುರುಮಾಡುತ್ತಾರೆ. ಮೂವತ್ತೈದು ವರ್ಷ ಎಲ್ಲರ ಬಾಯಿಗೂ ಒಂದೇ ನಗು ಹೊಲಿದು ಹೊಲಿದು ಸಾಕಾಗಿದೆ, ಒಂದು ಕಲ್ಲಾದರೂ ತನ್ನ ಮುಖ ತಾನು ಇಟ್ಟುಕೊಳ್ಳಲಿ ಎನ್ನುವುದು ಸಿದ್ಧಾಂತ. ಸಿದ್ಧಾಂತವೇನೋ ಉದಾತ್ತ. ಆದರೆ ಅದರ ಖರ್ಚೆಲ್ಲ ಕಾಕುವಿನ ಅಡುಗೆಮನೆಯದು. ಮೇಣ ಕರಗಿಸಲು ಅವರ ರೊಟ್ಟಿಯ ಹಂಚು ಮಾಳಿಗೆ ಹತ್ತಿತ್ತು. ಎರಡು ದಿನ ನಾವೆಲ್ಲ ಮೇಣದ ವಾಸನೆಯ ಜೋಳದ ರೊಟ್ಟಿ ತಿಂದೆವು. ಇದು ಹೊಸ ತಳಿಯ ಜೋಳವೋ ಏನೋ ಎಂದು ನಾನು ಹೊಗಳಿದ್ದೂ ಉಂಟು.

ಅದಕ್ಕಿಂತ ಮುಜುಗರದ್ದು ನೆಕ್ಕುವುದು. ಕಲ್ಲು ಒಣಗಿದ್ದಾಗ ಒಳಗಿನ ಬಣ್ಣ ಕಾಣುವುದಿಲ್ಲ, ಒದ್ದೆಯಾದರೆ ಹೊಳಪು ಕೊಟ್ಟ ಮೇಲೆ ಹೇಗೆ ಕಂಡೀತು ಎಂದು ತಿಳಿಯುತ್ತದೆ. ನೀರು ಹತ್ತಿರವಿಲ್ಲದಿದ್ದರೆ ಕಾಕಾ ನಾಲಗೆ ಉಪಯೋಗಿಸುತ್ತಾರೆ. ಕಮಲಾಪುರದ ಕೆಂಪು ಮಣ್ಣಿನ ಹೊಲದ ನಡುವೆ, ಬಿಳಿ ಅಂಗಿ ತೊಟ್ಟ ಮರ್ಯಾದಸ್ಥ ಹಿರಿಯರೊಬ್ಬರು ಕಲ್ಲೆತ್ತಿ ನೆಕ್ಕಿ, ಮುಖ ಕಿವುಚಿ ಎಸೆದು, ಇನ್ನೊಂದನ್ನೆತ್ತಿ ನೆಕ್ಕುತ್ತಿದ್ದರೆ ಹೊಲದವರು ಏನು ತಿಳಿಯಬೇಕು? ಒಬ್ಬ ರೈತ ಹೆಂಡತಿಗೆ ಹೇಳಿ ಅವರಿಗೆ ಊಟ ಹಾಕಿಸಿಯೇ ಕಳಿಸಿದ. ಕಾಕಾ ಉಂಡು ಬಂದರು. "ಬಾಳ ಛಲೋ ಮಂದಿ" ಎಂದರು. ಕಾಕು ಮಾತ್ರ, ಲಗ್ನವಾಗಿ ಇಷ್ಟು ವರ್ಷವಾಯಿತು, ತಾವು ಮಾಡಿದ ಹೋಳಿಗೆಯ ತಾಟನ್ನು ಒಮ್ಮೆಯೂ ಹೀಗೆ ನೆಕ್ಕಿದ್ದು ಕಂಡಿಲ್ಲ ಎಂದು ನನ್ನ ಮುಂದೆ ಫಿರ್ಯಾದು ದಾಖಲಿಸಿದರು.

ಇನ್ನು ವಾಪಸು ಬರುವ ಬಸ್ಸು. ಕಮಲಾಪುರದಲ್ಲಿ ಹತ್ತುವ ಸಭ್ಯ ಗೃಹಸ್ಥರ ಕೈಯಲ್ಲಿ ಕೆಂಪು ಬಾಳೆಯ ಚಿಪ್ಪಿರುತ್ತದೆ. ಇವರ ಹೆಗಲಿಗೆ ಕಲ್ಲಿನ ಚೀಲ. ಕಂಡಕ್ಟರ್ ಒಮ್ಮೆ ಕಾಲಿಗೆ ತಾಗಿದ ಚೀಲವನ್ನು ಒದ್ದು, ಬೆರಳು ಹಿಡಿದುಕೊಂಡು, ಒಳಗೇನಿದೆ ಎಂದು ಕೇಳಿದ. ಕಾಕಾ ಸುಳ್ಳು ಹೇಳುವವರಲ್ಲ. ಕಲ್ಲು ಎಂದರು. ಎಲ್ಲಿಗೆ ಎಂದ. ಕಲಬುರಗಿಗೆ ಎಂದರು. ಕಂಡಕ್ಟರ್ ಬಹಳ ಹೊತ್ತು ಅವರ ಮುಖ ನೋಡಿ, "ಅಲ್ಲೆ ಖಾಲಿ ಆಗ್ಯಾವೇನ್ರೀ?" ಎಂದು ಕೇಳಿ ಮುಂದೆ ಹೋದ.

ಕಾಕಾನ ಸಿದ್ಧಾಂತಕ್ಕೆ ಮೊದಲ ಪೆಟ್ಟು ಬಿದ್ದದ್ದು ಬೀಗರ ಮನೆಯಿಂದ. ನನ್ನ ಮಗಳ ಲಗ್ನದಲ್ಲಿ ಕಾಕಾ ಆಕೆಯ ಅತ್ತೆಗೆ, ಅಂದರೆ ನಮ್ಮ ಬೀಗತಿಗೆ, ತಮ್ಮ ಕೈಯಾರೆ ಮಾಡಿದ ಅಕೀಕ್ ಎಂಬ ಕಲ್ಲಿನ ಪದಕ ಉಡುಗೊರೆ ಕೊಟ್ಟಿದ್ದರು. ಜೇನಿನ ಬಣ್ಣದ ಉಬ್ಬು, ಸುತ್ತ ಒರಟು ಅಂಚು. ಮೂರು ವಾರದ ದುಡಿಮೆ. ಬೀಗತಿ ಒಳ್ಳೆಯ ಹೆಂಗಸು. ಪಾಪ, ಮುದುಕರು ಒಡೆದದ್ದನ್ನು ಗಮನಿಸದೆ ಕೊಟ್ಟಿದ್ದಾರೆ, ಹೇಳಿದರೆ ನೊಂದಾರು ಎಂದು ಯಾರಿಗೂ ಹೇಳದೆ ಸರಾಫ್ ಅಂಗಡಿಗೆ ಒಯ್ದು ಅಂಚು ನಯ ಮಾಡಿಸಿದರು. ಮುಂದಿನ ಹಬ್ಬಕ್ಕೆ ಬಂದಾಗ, "ನೋಡ್ರಿ ಕಾಕಾರ, ಒಡದದ್ದು ಸರಿ ಮಾಡಿಸೇನಿ" ಎಂದು ಕೊರಳೆತ್ತಿ ತೋರಿಸಿದರು. ಕಾಕಾನ ಕೈಯಲ್ಲಿದ್ದ ಹೋಳಿಗೆ ತಾಟಿಗೆ ಬಿತ್ತು. ನಮ್ಮದು ಹೆತ್ತವರು ಲಿಂಗೈಕ್ಯರಾದಾಗಲೂ ಸೂತಕವೆಂಬುದನ್ನು ಹಿಡಿಯದ ಮನೆತನ. ಆ ಕಲ್ಲಿನ ಅಂಚಿಗೆ ಕಾಕಾ ಮೂರು ದಿನ ಹಿಡಿದರು.

ಇಷ್ಟು ಹೇಳಿದ ಮೇಲೆ ಗುಂಡಕಲ್ಲಿನ ವಿಷಯಕ್ಕೆ ಬರಲೇಬೇಕು.

ನಮ್ಮ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಖಾರ ಅರೆಯುವ ಗುಂಡಕಲ್ಲನ್ನು ಹಾಕುವ ಪದ್ಧತಿಯಿದೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಗುಂಡಕಲ್ಲಿಗೆ ಎಣ್ಣೆ ಹಚ್ಚಿ, ನೀರೆರೆದು, ವಿಭೂತಿ ಇಟ್ಟು, ತಲೆಗೆ ಪುಟ್ಟ ಕುಲಾವಿ ಕಟ್ಟಿ, ಸೀರೆಯ ತುಂಡಿನಲ್ಲಿ ಸುತ್ತಿದರೆ ಕೂಸೇ ಅದು. ತೊಟ್ಟಿಲಿನ ಆಚೆಗೊಬ್ಬಳು, ಈಚೆಗೊಬ್ಬಳು ಮುತ್ತೈದೆ ನಿಂತು, 'ಗುಂಡನ್ನ ತಗೋ, ಕೂಸನ್ನ ಕೊಡು' ಎನ್ನುತ್ತ ಅದನ್ನು ತೊಟ್ಟಿಲ ಮೇಲಿಂದ, ಕೆಳಗಿಂದ ಕೈ ಬದಲಾಯಿಸಿ, ಮೊದಲು ಅದನ್ನು ಮಲಗಿಸಿ ತೂಗುತ್ತಾರೆ. ಆಮೇಲೆ ನಿಜವಾದ ಕೂಸಿನ ಸರದಿ. ತೆಂಗಿನಕಾಯಿಯಷ್ಟು ದಪ್ಪದ ನಮ್ಮ ಕರಿ ಗುಂಡಕಲ್ಲು ನಮ್ಮ ತಂದೆಗಿಂತ ಮೊದಲು ತೊಟ್ಟಿಲು ಹತ್ತಿದೆ, ಕಾಕಾನಿಗಿಂತ ಮೊದಲು, ನನಗಿಂತ ಮೊದಲು, ನನ್ನ ಮಗಳಿಗಿಂತ ಮೊದಲು ಹತ್ತಿದೆ. ಈ ಲೆಕ್ಕದಲ್ಲಿ ಅದು ನಮ್ಮೆಲ್ಲರ ಅಣ್ಣ.

ಈ ಅಣ್ಣ ಇರುವುದು ಕಾಕುವಿನ ಅಡುಗೆಮನೆಯಲ್ಲಿ. ಮಿಕ್ಸರ್ ಬಂದು ಎಷ್ಟೋ ಕಾಲವಾದರೂ ಕಾಕು ಶೇಂಗಾ ಹಿಂಡಿಯನ್ನು, ಅಂದರೆ ಖಾರದ ಚಟ್ನಿಪುಡಿಯನ್ನು, ಅದರಲ್ಲೇ ಅರೆಯುತ್ತಾರೆ. ತೊಟ್ಟಿಲ ಕಾರ್ಯ ಬಂತೆಂದರೆ ಅದನ್ನು ಎರೆಯುವವರು, ಕುಲಾವಿ ಹೊಲಿಯುವವರು, ಸುತ್ತಿ ಎದೆಗವಚಿಕೊಂಡು ತರುವವರು ಅವರೇ. ಆದರೆ ನಡುಮನೆಯ ಬಾಗಿಲ ತನಕ ಮಾತ್ರ. ಅಲ್ಲಿ ಅದನ್ನು ಇನ್ನೊಬ್ಬರ ಕೈಗಿಟ್ಟು ಹೊಸ್ತಿಲ ಹೊರಗೆ ನಿಂತುಬಿಡುತ್ತಾರೆ. ತೊಟ್ಟಿಲ ಬಳಿ ನಿಲ್ಲುವ ಇಬ್ಬರೂ ಮಕ್ಕಳೊಂದಿಗರಾಗಿರಬೇಕು ಎಂಬುದು ರೂಢಿ, ಕಾಕಾ ಕಾಕುಗೆ ಮಕ್ಕಳಿಲ್ಲ. ಯಾರೂ ಅವರಿಗೆ ಬರಬೇಡ ಎಂದದ್ದಿಲ್ಲ. ಬಾ ಎಂದದ್ದೂ ಇಲ್ಲ. ನನ್ನ ಮಗಳ ತೊಟ್ಟಿಲ ದಿನ ಮನೆಯ ಯಜಮಾನನಾಗಿ ಶಾಲು ಹೊದ್ದು ಕುಳಿತಿದ್ದ ನಾನೂ ಅನ್ನಲಿಲ್ಲ.

ಈಗ ಆ ಮಗಳಿಗೇ ಕೂಸು. ಚೊಚ್ಚಲ ಬಾಣಂತನ, ತವರಿನಲ್ಲಿ, ಅಂದರೆ ನಮ್ಮ ಮನೆಯಲ್ಲಿ. ತೊಟ್ಟಿಲ ಕಾರ್ಯಕ್ಕೆ ಒಂಬತ್ತು ದಿನ ಬಾಕಿ. ಕಾಕು ಹಿಂಡಿ ಅರೆದು ಗುಂಡಕಲ್ಲು ತೊಳೆದು ಕಿಟಕಿಯ ಬಿಸಿಲಿಗೆ ಇಟ್ಟಿದ್ದರು. ಚಹಕ್ಕೆ ಬಂದ ಕಾಕಾ ಒದ್ದೆ ಕಲ್ಲಿನ ಮೇಲೆ ಉಗುರಿನಷ್ಟು ಜಾಗದಲ್ಲಿ ನೀಲಿ ಬಳೆಯಂಥ ಗುರುತು ಕಂಡರು. ಎಪ್ಪತ್ತು ವರ್ಷ ಅದೇ ಕಲ್ಲಿನಲ್ಲಿ ಅರೆದ ಹಿಂಡಿ ತಿಂದವರಿಗೆ ಅಂದು ಕಂಡಿತು! ಬಿಸಿಲಿಗೆ ಕಲ್ಲು ಆರುತ್ತಿತ್ತು. ಕಾಕಾ ತಡಮಾಡದೆ ನೆಕ್ಕಿದರು.

"ಖಾರ ಅರದೀನಿ ಅದರಾಗ" ಎಂದು ಕಾಕು ಹೇಳುವಷ್ಟರಲ್ಲಿ ತಡವಾಗಿತ್ತು. ಬೆಲ್ಲ ಕೊಟ್ಟರು. ಕಾಕಾ ಬೆಲ್ಲ ಚೀಪುತ್ತಲೂ ಕಲ್ಲನ್ನೇ ನೋಡುತ್ತಿದ್ದುದನ್ನು ಕಂಡು, "ಅದರ ಮ್ಯಾಲ ಕಣ್ಣ ಹಾಕಬ್ಯಾಡ್ರಿ" ಎಂದೂ ಹೇಳಿದರು. ಹೇಳಿದ್ದನ್ನು ಕಾಕಾ ನಾಲ್ಕು ದಿನ ಪಾಲಿಸಿದರು. ಐದನೆಯ ದಿನ ಕಾಕು ಕುಲಾವಿಯ ಬಟ್ಟೆಗೆಂದು ಸೂಪರ್ ಮಾರ್ಕೆಟ್ಟಿಗೆ ಹೋದರು.

ಮುಂದಿನದನ್ನು ಕಾಕಾ ನನ್ನೆದುರು ಪೊಲೀಸರ ಮುಂದೆ ಹೇಳುವವರಂತೆ ಹೇಳಿದ್ದಾರೆ. ಒಂದು ಮೂಲೆ ಮಾತ್ರ ಚೂರು ಕೊಯ್ದು ನೋಡೋಣ ಎಂದು ಶುರುಮಾಡಿದರಂತೆ. ಮೂಲೆಯಲ್ಲಿ ಏನೂ ಕಾಣಲಿಲ್ಲ. ಇನ್ನೊಂದು ಬೆರಳು ಒಳಗೆ. ಅಲಗು ಅರ್ಧಕ್ಕೆ ಮುಟ್ಟಿದಾಗ, ಇಷ್ಟು ಹೋದ ಮೇಲೆ ತಿರುಗಿಸಿ ಆ ಕಡೆಯಿಂದಲೂ ಹೋಗುವುದೇ ನ್ಯಾಯ ಎನಿಸಿತಂತೆ. ಕಲ್ಲು ಎರಡು ಹೋಳಾಗಿ ಬಕೆಟ್ಟಿನ ಪಕ್ಕ ಬಿತ್ತು. ಒಳಗೆ ಹೆಬ್ಬೆರಳು ಹೋಗುವಷ್ಟು ಪೊಳ್ಳು, ಅದರ ಸುತ್ತ ನೀಲಿ ಗೆರೆ, ಪೊಳ್ಳಿನ ತುಂಬ ಸಣ್ಣ ಸಣ್ಣ ಬಿಳಿ ಹರಳು, ಸಾಲಾಗಿ, ಥೇಟ್ ಹಾಲುಹಲ್ಲು. ಹಲ್ಲು ಮಾಡಿ ಬದುಕಿದ ಮನುಷ್ಯ! ಒಂದೊಂದು ಕೈಯಲ್ಲಿ ಒಂದೊಂದು ಹೋಳು ಹಿಡಿದು, ಹೆಂಡತಿಗೆ ತೋರಿಸಲೆಂದು ಮೆಟ್ಟಿಲು ಇಳಿಯುತ್ತ ಕೂಗಿದರಂತೆ. ಅಂಗಳಕ್ಕೆ ಬಂದು, ಗೇಟಿನ ಸಪ್ಪಳ ಕೇಳಿದ ಮೇಲೆಯೇ ತಾವು ಹಿಡಿದಿರುವುದು ಯಾವ ಕಲ್ಲು ಎಂಬುದು ನೆನಪಾಯಿತು.

ಕಾಕು ನೋಡಿದರು. ಬಟ್ಟೆಯ ಚೀಲ ಕೆಳಗಿಟ್ಟರು. ಒಳಗೆ ಹೋದರು.

ಬೈದಿದ್ದರೆ ಮುಗಿದುಹೋಗುತ್ತಿತ್ತು. ಕಾಕು ಬೈಯುವುದು ನಮ್ಮ ಓಣಿಯ ಗಡಿಯಾರ. ಮುಂಜಾನೆಯ ಚಹಕ್ಕೆ ಒಂದು, ಸ್ನಾನಕ್ಕೆ ತಡವಾದದ್ದಕ್ಕೆ ಒಂದು, ಊಟಕ್ಕೆ ಕರೆದರೂ ಮಾಳಿಗೆಯಿಂದ ಇಳಿಯದ್ದಕ್ಕೆ ಒಂದು. ನೆರೆಯವರು ಅದನ್ನು ಕೇಳಿ ಮಕ್ಕಳನ್ನು ಟ್ಯೂಶನ್ನಿಗೆ ಕಳಿಸುತ್ತಿದ್ದರು. ಆ ಗಡಿಯಾರ ನಿಂತುಬಿಟ್ಟಿತು. ಹೊತ್ತಿಗೆ ಸರಿಯಾಗಿ ತಾಟು ಬರುತ್ತಿತ್ತು, ಬಿಸಿ ರೊಟ್ಟಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎರಡನೆಯ ದಿನ ಪಕ್ಕದ ಮನೆಯವರು ನನ್ನನ್ನು ತಡೆದು, "ಕಾಕಾರಿಗಿ ಆರಾಮ ಇಲ್ಲೇನ್ರೀ?" ಎಂದು ಕೇಳಿದರು.

ಕಾಕಾ ಪ್ರಾಯಶ್ಚಿತ್ತಕ್ಕೆ ಇಳಿದರು. ಮೊದಲು ಅಂಟಿಸಿದರು. ಯಾವುದರಿಂದ? ತಮಗೆ ನಂಬಿಕೆಯಿದ್ದ ಏಕೈಕ ಸಾಮಗ್ರಿಯಿಂದ, ಹಲ್ಲಿನ ಸೆಟ್ಟಿಗೆ ವಸಡು ಎರೆಯುವ ಗುಲಾಬಿ ಮಸಾಲೆಯಿಂದ. ಕರಿ ಗುಂಡಕಲ್ಲಿನ ನಡುವೆ ಸುತ್ತಲೂ ಗುಲಾಬಿ ವಸಡು! ಕಾಕು ಅದನ್ನು ಒಂದು ಕ್ಷಣ ನೋಡಿ, ಗಂಡ ಎದುರಿಗೇ ಕುಳಿತಿದ್ದರೂ ನನ್ನ ಕಡೆ ತಿರುಗಿ ಹೇಳಿದರು: "ಕೂಸಿನ ಮುಂದ ಹಲ್ಲ ಕಿಸದಂಗ ಕಾಣತದ. ತೆಗಿ ಅನ್ನಪ್ಪ ನಿಮ್ಮ ಕಾಕಾಗ."

ತೆಗೆದರು. ಆಮೇಲೆ ನಾನೂ ಅವರೂ ಹೊಸ ಗುಂಡಕಲ್ಲು ಹುಡುಕಿ ಸೂಪರ್ ಮಾರ್ಕೆಟ್ಟು ಸುತ್ತಿದೆವು. ಪಾತ್ರೆ ಅಂಗಡಿಯವ ಮಿಕ್ಸರ್ ತೋರಿಸಿದ. ಗುಂಡಕಲ್ಲು ಬೇಕೆಂದರೆ ಯಾವ ದೇವರಿಗೆ ಎಂದು ಕೇಳಿದ. ಕಡೆಗೂ ಯಂತ್ರದಲ್ಲಿ ಕಡೆದ, ಬಿಲಿಯರ್ಡ್ ಚೆಂಡಿನಂತೆ ನುಣ್ಣಗಿದ್ದ ಒಂದು ಸಿಕ್ಕಿತು. ಕಾಕಾ ಅದನ್ನು ಮುಟ್ಟಲೂ ಅಸಹ್ಯಪಟ್ಟು ನನ್ನ ಕೈಯಲ್ಲೇ ಹೊರಿಸಿಕೊಂಡು ಬಂದರು. ಕಾಕು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಸಿಟ್ಟಿರಲಿಲ್ಲ ಮಾತಿನಲ್ಲಿ.

"ಛಲೋನ ಅದ. ಆದರ ಇದು ಒಂದ ಕೂಸನ್ನೂ ಕಂಡಿಲ್ಲಪ್ಪ."

ಅಂದು ಸಂಜೆ ನಾನು ಮಾಳಿಗೆ ಹತ್ತಿದೆ. ಕಾಕಾ ಯಂತ್ರ ನಿಲ್ಲಿಸಿ ಎರಡು ಹೋಳುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಾನು ಸಮಾಧಾನ ಹೇಳಲೆಂದು, ಇರಲಿ ಬಿಡ್ರಿ ಕಾಕಾ, ಒಂದು ಕಲ್ಲು ತಾನೆ ಎಂದೆ. ಜೀವಮಾನದಲ್ಲಿ ಕಾಕಾನಿಗೆ ಯಾರೂ ಹೇಳಬಾರದ ಮಾತು ಅದು ಎಂದು ಹೇಳಿದ ಮೇಲೆ ಹೊಳೆಯಿತು.

ಅವರು ಸಿಟ್ಟಾಗಲಿಲ್ಲ. "ಮಂದಿ ಕೂಸಿಗೆಲ್ಲ ಕುಲಾವಿ ಹೊಲದಾಳ. ಇದೊಂದಕ್ಕ ತನ್ನ ಕೈಲೆ ಎರದಾಳ" ಎಂದರು. "ನಲವತ್ತು ವರ್ಷ ಎಣ್ಣಿ ಹಚ್ಚಿ ಎರದಾಳೋ ತಮ್ಮಾ. ನಾ ಕೊಯ್ದೆ."

ಆಮೇಲೆ ಒಂದು ಹೋಳನ್ನು ಸಪಾಟು ಭಾಗ ಕೆಳಗೆ ಮಾಡಿ ಹಲಗೆಯ ಮೇಲಿಟ್ಟರು. ಮೇಲಿನ ಉಬ್ಬು ಸಂಜೆಯ ಬೆಳಕಿಗೆ ಎಣ್ಣೆಯಂತೆ ಮಿನುಗಿತು. ಯಾವ ಚಕ್ರವೂ ಮುಟ್ಟದ ಹೊಳಪು. ನಮ್ಮ ಮುತ್ತಜ್ಜಿ, ಅಜ್ಜಿ, ಕಾಕು, ಇವರ ಅಂಗೈಗಳು ಕೊಟ್ಟದ್ದು.

"ನೋಡು" ಎಂದರು ಕಾಕಾ. "ಕೆಳಗ ಸಪಾಟು, ಮ್ಯಾಲ ಉಬ್ಬು. ಇಂಥಾದೊಂದು ನನ್ನ ಕೈಲೆ ಇನ್ನಾ ಆಗಿಲ್ಲ."

ಉಳಿದ ಎರಡು ದಿನ ಅವರು ಹೊರಭಾಗಕ್ಕೆ ಕೈ ಹಚ್ಚಲಿಲ್ಲ. ತಾವು ಕೊಯ್ದು ಮಾಡಿದ ಗಾಯವನ್ನಷ್ಟೇ, ಆ ಎರಡು ಸಪಾಟು ಮುಖಗಳನ್ನಷ್ಟೇ ತೇಯ್ದರು. ಹರಳಿನ ಒಂದು ಹಲ್ಲೂ ಮುರಿಯದಂತೆ, ಅಂಚಿನ ಒಂದು ಮುರುಕೂ ಸವೆಯದಂತೆ. ತೊಟ್ಟಿಲ ಕಾರ್ಯದ ಹಿಂದಿನ ದಿನ ಎರಡನ್ನೂ ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟುಬಂದರು. ಬೆಳಿಗ್ಗೆ ನೋಡಿದರೆ ಕಿಟಕಿ ಖಾಲಿ.

ಕಾರ್ಯದ ದಿನ ನಮ್ಮ ನಡುಮನೆಯಲ್ಲಿ ಜನ ತುಂಬಿದ್ದರು. ತೊಟ್ಟಿಲ ಒಂದು ಬದಿಗೆ ಬೀಗತಿ ನಿಂತಿದ್ದರು, ಕೊರಳಲ್ಲಿ ಆ ನಯವಾದ ಪದಕ. ಇನ್ನೊಂದು ಬದಿಗೆ ನನ್ನ ಹೆಂಡತಿ. ಕಾಕಾ ಯಾರ ಕಣ್ಣಿಗೂ ಬೀಳದಂತೆ ಬಾಗಿಲ ಹೊರಗೆ ನಿಂತಿದ್ದರು. ಗುಂಡಕಲ್ಲು ಒಡೆದ ಸುದ್ದಿ ಓಣಿಗೆಲ್ಲ ಗೊತ್ತಾಗಿತ್ತು. ತೊಟ್ಟಿಲಿಗೆ ಏನು ಹಾಕುತ್ತಾರೋ ಎಂದು ಎಲ್ಲರಿಗೂ ಕುತೂಹಲ. ಅಪಶಕುನ ಎಂದು ಯಾರಾದರೂ ಬಾಯಿ ಬಿಟ್ಟರೆ ಏನು ಮಾಡುವುದು ಎಂದು ನಾನು ಒಂದು ಭಾಷಣವನ್ನೇ ತಯಾರಿಸಿಕೊಂಡಿದ್ದೆ.

ಕಾಕು ಸೀರೆಯ ತುಂಡಿನ ಗಂಟು ಎದೆಗವಚಿಕೊಂಡು ಹೊಸ್ತಿಲ ತನಕ ಬಂದರು. ಅಲ್ಲೇ ನಿಂತು ನನ್ನ ಹೆಂಡತಿಯ ಕೈಗೆ ಕೊಡಲು ಚಾಚಿದರು. ಸೀರೆಯ ಮಡಿಕೆ ಸರಿಯಿತು. ಒಳಗೆ ಅಂಟಿಸದ ಎರಡು ಹೋಳುಗಳು, ಎರಡಕ್ಕೂ ಎಣ್ಣೆ ಹಚ್ಚಿ ಎರೆದು ಬೇರೆ ಬೇರೆ ವಿಭೂತಿ ಇಟ್ಟಿದ್ದರು. ಎರಡರ ತಲೆಗೂ ಬೇರೆ ಬೇರೆ ಕುಲಾವಿ. ಒಂದು ಕೆಂಪು, ಒಂದು ಹಸಿರು. ಅಂಚಿನಲ್ಲಿ ಒಂದೇ ಥರದ ಸಣ್ಣ ಹೊಲಿಗೆ.

ನನ್ನ ಹೆಂಡತಿ ಚಾಚಿದ ಕೈ ಅಲ್ಲೇ ನಿಂತಿತು. ಬಾಣಂತಿ ನನ್ನ ಮಗಳು, ಮಣೆಯ ಮೇಲೆ ಕೂಸನ್ನು ಹಿಡಿದು ಕುಳಿತವಳು, ಕುತ್ತಿಗೆ ಉದ್ದ ಮಾಡಿ ನೋಡಿದಳು. ಆಕೆಗೆ ಕಾಕು ಸಣ್ಣಾಯಿ, ಅಂದರೆ ಚಿಕ್ಕಜ್ಜಿ.

"ಎರಡ ಅವಲ್ಲ ಸಣ್ಣಾಯಿ" ಎಂದಳು. "ಒಂದು ಅತ್ತಿ ಹಿಡೀಲಿ. ಒಂದು ನೀನ ಹಿಡಿ. ಅವ್ವ, ನೀ ಈಕಡಿ ಬಾ."

ಕಾಕು ತಲೆಯಾಡಿಸಿದರು. ತಾವು ಬೇಡ ಎಂದು ಮೆಲ್ಲನೆ ಅಂದರು. ನಾನು ಬೀಗತಿಯ ಮುಖ ನೋಡಿದೆ. ರೂಢಿಯ ವಿಷಯದಲ್ಲಿ ಬಿಗಿಯಾದ ಹೆಂಗಸು. ನನ್ನ ಭಾಷಣ ಬಾಯಿಗೆ ಬರಲಿಲ್ಲ, ಮಗಳ ತೊಟ್ಟಿಲ ದಿನದಂತೆಯೇ. ಬೀಗತಿ ತೊಟ್ಟಿಲು ಬಿಟ್ಟು ಹೊಸ್ತಿಲಿಗೆ ಬಂದು, ಕೆಂಪು ಕುಲಾವಿಯ ಹೋಳನ್ನು ಎತ್ತಿಕೊಂಡರು. ಅದರ ಒರಟು ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿದರು. ಅವರ ಇನ್ನೊಂದು ಕೈ ಕೊರಳ ಪದಕದ ಮೇಲೆ ಹೋದದ್ದನ್ನು ನಾನು ಕಂಡೆ.

"ಇದು ಹಿಂಗ ಇರ್ಲಿ ಬಿಡ್ರಿ. ನಯಾ ಮಾಡಸೂದು ಬ್ಯಾಡ" ಎಂದರು. ಆಮೇಲೆ ಕಾಕುವಿನ ಮೊಣಕೈ ಹಿಡಿದು, "ಬರ್ರಿ, ಕೂಸು ಹಸದದ" ಎಂದು ಹೊಸ್ತಿಲು ದಾಟಿಸಿದರು.

ತೊಟ್ಟಿಲಿನ ಮೇಲಿಂದ ಕೆಂಪು ಕುಲಾವಿ ಈಚೆ ಬಂತು, ಕೆಳಗಿಂದ ಹಸಿರು ಕುಲಾವಿ ಆಚೆ ಹೋಯಿತು. 'ಗುಂಡನ್ನ ತಗೋ, ಕೂಸನ್ನ ಕೊಡು.' ಕಾಕುವಿನ ದನಿ ಮೊದಲ ಸಲ ತಡವರಿಸಿತು, ಮೂರನೆಯ ಸಲಕ್ಕೆ ಓಣಿಗೆ ಕೇಳುವಂತಾಯಿತು. ಎರಡು ಹೋಳುಗಳನ್ನೂ ಮುಖಕ್ಕೆ ಮುಖ ಕೂಡಿಸಿ ತೊಟ್ಟಿಲಲ್ಲಿ ಮಲಗಿಸಿದರು. ತೂಗಿದರು. ಆಮೇಲೆ ನನ್ನ ಮಗಳು ಕೂಸನ್ನು ಎತ್ತಿ ಕಾಕುವಿನ ಕೈಗೇ ಕೊಟ್ಟಳು.

ಕೂಸನ್ನು ಎತ್ತಿಕೊಂಡ ಕಾಕು ತಲೆಯೆತ್ತಿದರು. ಎದುರಿಗೆ ಬಾಗಿಲು. ಹೊಸ್ತಿಲ ಹೊರಗೆ, ನಲವತ್ತು ವರ್ಷ ತಾವು ನಿಂತ ಅದೇ ಜಾಗದಲ್ಲಿ, ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ ಕಾಕಾ ನಿಂತಿದ್ದರು. ಗುಂಡಕಲ್ಲು ಕೊಯ್ದಂದಿನಿಂದ ಕಾಕು ಅವರಿಗೆ ನೇರವಾಗಿ ಆಡಿದ ಮೊದಲ ಮಾತನ್ನು ನಾವೆಲ್ಲ ಕೇಳಿದೆವು.

"ಅಲ್ಯಾಕ ನಿಂತೀರಿ? ಅದು ನನ್ನ ಜಾಗಾ. ಒಳಗ ಬರ್ರಿ."

ಕಾಕಾ ಒಳಗೆ ಬಂದರು. ಕಾಕುವಿನ ತೋಳಿನತ್ತ ಬಗ್ಗಿ, ಕೂಸು ಆಕಳಿಸಿದ್ದೇ ತಡ, ಹಳೆಯ ಚಾಳಿಯಂತೆ ಅದರ ಬಾಯೊಳಗೆ ಇಣುಕಿದರು.